ಮೂರನೇ ದಿನದ ಸಕ್ಕರೆ

"ಬುದ್ಧಿ, ಚಾಕ್ಲೇಟು ಹೃದಯಕ್ಕೆ ಒಳ್ಳೇದಂತೆ. ಸಕ್ಕರೆ ಕಾಯಿಲೆ ಇರೋರಿಗೂ ಕೊಡಬಹುದಾ?"

ಕೇಳಿದೋನು ಗುರುಮಲ್ಲ. ಮಠಕ್ಕೆ ಬರೋರು ಮೋಕ್ಷದ ಬಗ್ಗೆ ಕೇಳ್ತಾರೆ, ಇಲ್ಲಾ ಮಗಳ ಮದುವೆ ಬಗ್ಗೆ. ಇವನು ಹನ್ನೊಂದು ವರ್ಷದಿಂದ ದಾಸೋಹದಲ್ಲಿ ಸಾರು ಮಾಡಿ ಬಡಿಸ್ತಿರೋ ಶಿಷ್ಯ. ಇಷ್ಟು ವರ್ಷದಲ್ಲಿ ಅವನು ಸ್ವಾಮಿಗಳನ್ನ ಕೇಳಿದ ಮೊದಲನೇ ಪ್ರಶ್ನೆ ಇದು. ಅವನವ್ವಗೆ ಸಕ್ಕರೆ ಕಾಯಿಲೆ, ಹೃದಯಾನೂ ಅಷ್ಟಕ್ಕಷ್ಟೇ. ಕಾಲಿನ ಹುಣ್ಣು ಎರಡು ತಿಂಗಳಿಂದ ಒಣಗಿಲ್ಲ. ಸಿಹಿ ಬಿಡದಿದ್ರೆ ಕಾಲು ತೆಗೀಬೇಕಾಗುತ್ತೆ ಅಂತ ಡಾಕ್ಟ್ರು ಹೇಳಿಬಿಟ್ಟಿದ್ದಾರೆ. ಅವ್ವ ಮಾತ್ರ ಸಿಹಿ ಬೇಕು ಅಂತ ಮಗು ಥರ ಅಳ್ತಾಳೆ.

ಗುರುಮಲ್ಲ ಪೇಪರಿಂದ ಕತ್ತರಿಸಿದ, ಚಾಕ್ಲೇಟಿನ ಸುದ್ದಿ ಇದ್ದ ಒಂದು ತುಂಡನ್ನ ಮುಂದಿಟ್ಟ. ಮಡಚಿ ಮಡಚಿ ನಡುವೆ ಹರಿದುಹೋಗಿತ್ತು. ಸ್ವಾಮಿಗಳು ಓದಿದ್ರು. ಮೂಲೆಯಲ್ಲಿದ್ದ ತಾರೀಖನ್ನೂ ಓದಿದ್ರು. ಕನ್ನಡಕ ತೆಗೆದಿಟ್ಟು, "ಕೂತ್ಕೋ, ಒಂದು ಕತೆ ಹೇಳ್ತೀನಿ. ಸಾರು ಉಕ್ಕಿದ್ರೆ ಉಕ್ಕಲಿ," ಅಂದ್ರು.

ಸಮುದ್ರದಾಚೆ ಒಂದು ಕಾಡು. ಅಲ್ಲಿಯ ಜನ ಈ ಚಾಕ್ಲೇಟು ಮಾಡೋ ಕೋಕೋ ಬೀಜಾನ ಹುರಿದು, ಅರೆದು, ಮೆಣಸಿನಕಾಯಿ ಹಾಕಿ ನೀರಲ್ಲಿ ಕದಡಿ ಕುಡೀತಿದ್ರು. ಸಕ್ಕರೇನ ಅವರು ಕಂಡೇ ಇರಲಿಲ್ಲ. ಕುಡಿಯೋರ ಮುಖ ನೋಡಿದ್ರೆ ಅದು ಬಾಯಿಗೆ ಹಾಕೋ ಪದಾರ್ಥ ಅನ್ನಿಸ್ತಿರಲಿಲ್ಲ. ದೇವರಿಗೂ ಅದನ್ನೇ ಇಡ್ತಿದ್ರು. ಪಾಪ, ದೇವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಅಲ್ಲಿಗೆ ಹಡಗಲ್ಲಿ ಒಬ್ಬ ವರ್ತಕ ಬಂದ. ಊರಲ್ಲಿ ಅವನಿಗೆ ಒಂಬತ್ತು ವರ್ಷದ ಮಗಳು, ತಾಯಿ ಇಲ್ಲದ ಕೂಸು. ನಾಲ್ಕು ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂಡು ಕೂತುಬಿಡೋಳು. ಕಾಡಲ್ಲಿ ಮದ್ದು ಕೊಡೋ ಒಬ್ಬ ಮುದುಕಿ ಇದ್ಲು. ವರ್ತಕ ಅವಳ ಹತ್ರ ಹೋಗಿ ಮಗಳ ವಿಷಯ ಹೇಳ್ಕೊಂಡ. ಮುದುಕಿ ಒಂದು ಚೀಲ ಬೀಜ ಕೊಟ್ಲು.

"ದಿನಾ ಬೆಳಿಗ್ಗೆ ಒಂದು ಬಟ್ಟಲು. ಮಗು ಅಳುತ್ತೆ, ಉಗುಳುತ್ತೆ, ನಿನ್ನ ಬೈಯುತ್ತೆ. ಬಟ್ಟಲು ಖಾಲಿ ಆಗೋ ತನಕ ನೀನು ಪಕ್ಕದಿಂದ ಏಳಬಾರದು. ಮದ್ದು ಮಗೂಗೆ, ಪಥ್ಯ ನಿನಗೆ."

ವರ್ತಕ ಊರಿಗೆ ಬಂದ. ಮೊದಲನೇ ದಿನ ಮಗಳು ಉಗುಳಿದ್ಲು. ಎರಡನೇ ದಿನ ಕೈ ಕಚ್ಚಿ, ನೀನು ನಮ್ಮಪ್ಪನೇ ಅಲ್ಲ ಅಂದ್ಲು. ಬಿರುಗಾಳಿಗೆ ಹೆದರದೆ ಹಡಗು ನಡೆಸಿದ ಗಂಡಸು, ಆ ಒಂದು ಮಾತಿಗೆ ಎದ್ದು ಹೊರಗೆ ಹೋಗಿ ನಿಂತ್ಕೊಂಡ. ಮೂರನೇ ದಿನ ಬಟ್ಟಲಿಗೆ ಒಂದು ಚಮಚ ಸಕ್ಕರೆ ಹಾಕಿದ. ಮಗಳು ಪೂರ್ತಿ ಕುಡಿದು ಅಪ್ಪನ ಕೊರಳಿಗೆ ಜೋತುಬಿದ್ಲು.

ಆಮೇಲೆ ಎರಡು ಚಮಚ ಆಯ್ತು. ಮೂರಾಯ್ತು. ಹಾಲು ಬಂತು. ಸಕ್ಕರೆ ಏರಿದಷ್ಟೂ ಬೀಜ ಇಳೀತು. ಬೆಳಿಗ್ಗೆಯ ಮದ್ದು ಮಧ್ಯಾಹ್ನಕ್ಕೂ ಬೇಕಾಯ್ತು, ಸಂಜೆಗೂ ಬೇಕಾಯ್ತು. ಆ ಊರಿನ ವೈದ್ಯ, ಇದು ಎದೆಗೆ ಒಳ್ಳೇದು ಅಂತ ಬರೆದುಕೊಟ್ಟ. ಅವನು ಬರೆದಿದ್ದು ಬೀಜದ ಬಗ್ಗೆ. ಜನ ಓದ್ಕೊಂಡಿದ್ದು ಸಕ್ಕರೆ ಹಾಲಿನ ಬಗ್ಗೆ. ತಮ್ಮೆದೇಲೂ ಏನೋ ನೋವಿದೆ ಅಂತ ಊರಿಗೆ ಊರೇ ಬಟ್ಟಲು ಹಿಡ್ಕೊಂಡು ಬಂತು. ಕೊನೆಗೆ ಅದನ್ನ ಗಟ್ಟಿ ಮಾಡಿ ಬಿಲ್ಲೆ ಮಾಡಿದ್ರು, ಬಟ್ಟಲೂ ಬೇಡವಾಯ್ತು.

ಅಷ್ಟು ಜನಕ್ಕೆ ಸಕ್ಕರೆ ಎಲ್ಲಿಂದ ಬರಬೇಕು? ಇನ್ನೊಂದು ದೇಶದ ಜನಾನ ಸರಪಳಿ ಹಾಕಿ ಹಡಗಲ್ಲಿ ತುಂಬ್ಕೊಂಡು ಬಂದು ದ್ವೀಪಗಳಲ್ಲಿ ಕಬ್ಬು ಕಡಿಸಿದ್ರು. ಅವರ ಎದೆನೋವಿಗೆ ಯಾರೂ ಬಟ್ಟಲು ಹಿಡೀಲಿಲ್ಲ. ವರ್ತಕ ಕೆಟ್ಟೋನಲ್ಲ, ಪಾಪ ಅಳು ನೋಡೋಕಾಗಲ್ಲ ಅವನಿಗೆ, ಅಂತ ಎಲ್ರೂ ಹೇಳೋರು. ನಿಜವೇ. ಕಣ್ಣೆದುರಿನ ಅಳು ಅವನಿಗೆ ನೋಡೋಕಾಗ್ತಿರಲಿಲ್ಲ.

ಏಳು ವರ್ಷ ಕಳೀತು. ಮಗಳು ಊದಿಕೊಂಡ್ಲು. ಹಲ್ಲು ಕಪ್ಪಾದವು. ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ಮಾಯದೆ, ಪಾದ ಪೂರ್ತಿ ಹಬ್ಬಿತು. ವರ್ತಕ ಹಡಗು ಹತ್ತಿ ಮುದುಕಿ ಹತ್ರ ಓಡಿದ. ಗಾಯದ ಬಗ್ಗೆ ಹೇಳಿದ, ಮಗಳು ಎದ್ದು ಓಡಾಡ್ತಿಲ್ಲ ಅಂದ. ಆಮೇಲೆ, ಆಗ ತಾನೇ ಹೊಳೆದ ಹಾಗೆ ಒಂದು ಮಾತು ಕೇಳಿದ.

"ತಾಯಿ, ಮದ್ದಿಗೆ ಒಂಚೂರು ಸಕ್ಕರೆ ಬೆರೆಸಬಹುದಾ?"

ಮುದುಕಿ ಅವನ ಮುಖ ನೋಡಿದ್ಲು. ಇನ್ನೊಂದು ಚೀಲ ಬೀಜ ಕೈಗಿಟ್ಟು, ಬೇಗ ಹೋಗು ಅಂದ್ಲು.

ಅವನು ಬೇಗಾನೇ ಹೋದ. ಬೀಜ ತಾನೇ ಹುರಿದ, ತಾನೇ ಅರೆದ, ಏನೂ ಬೆರೆಸದೆ ಬಟ್ಟಲು ತುಂಬಿಸಿ ಕೊಟ್ಟ. ಮಗಳು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಲು.

"ಅಪ್ಪಾ, ಇದು ನನ್ನ ಮದ್ದಲ್ಲ. ಯಾರೋ ನಿಂಗೆ ಮೋಸ ಮಾಡಿದ್ದಾರೆ."

ಈ ಸಲ ವರ್ತಕ ಎದ್ದು ಹೋಗಲಿಲ್ಲ. ಪಕ್ಕದಲ್ಲೇ ಕೂತಿದ್ದ. ಬೈಯೋಕೆ, ಕಚ್ಚೋಕೆ ಮಗಳಲ್ಲಿ ಶಕ್ತಿ ಇರಲಿಲ್ಲ. ಆರನೇ ದಿನ ತೀರಿಕೊಂಡ್ಲು. ಬಟ್ಟಲು ಹಾಗೇ ಇತ್ತು.

ಸ್ವಾಮಿಗಳು ಕತೆ ಅಲ್ಲಿಗೆ ಮುಗಿಸಿದ್ರು. ಆ ಬೀಜ ಹುಡುಗೀನ ಉಳಿಸ್ತಿತ್ತೋ ಇಲ್ವೋ ತಮಗೂ ಗೊತ್ತಿಲ್ಲ ಅಂದ್ರು. ಗೊತ್ತಾಗೋ ಹಾಗೆ ಅದನ್ನ ಯಾರೂ ಕುಡಿಸಲೇ ಇಲ್ಲವಂತೆ.

ಒಳಗೆ ಸಾರು ಉಕ್ಕಿ ಒಲೆ ಮೇಲೆ ಸುರೀತು. ಗುರುಮಲ್ಲ ಆ ಕಡೆ ತಿರುಗಲಿಲ್ಲ.

"ಹಂಗಾದ್ರೆ ಅವ್ವಗೆ ಬೇಡ ಅಂತೀರಾ ಬುದ್ಧಿ? ದಿನಕ್ಕೆ ಒಂದೇ ಒಂದು ತುಂಡು. ಅದೂ ಕಪ್ಪು ಚಾಕ್ಲೇಟು."

ಸ್ವಾಮಿಗಳು ಪೇಪರ್ ತುಂಡನ್ನ ಅವನ ಕಡೆ ತಿರುಗಿಸಿ, ಎರಡು ತಿಂಗಳ ಹಿಂದಿನ ತಾರೀಖಿನ ಮೇಲೆ ಬೆರಳಿಟ್ರು.

"ಯಾವತ್ತಿಂದ ಕೊಡ್ತಿದ್ದೀಯ, ಗುರುಮಲ್ಲ?"