ಅಂಬಿಗನ ಸೊಂಟನೋವು

"ಮೇಷ್ಟ್ರೇ, ಹಳೆಯ ನೋವಿನವರು ನಮ್ಮಿಂದ ಏನು ಬಯಸುತ್ತಾರೆ?" ಎಂದು ಕೊಟ್ರೇಶ ಕೇಳಿದ. ಫಿಸಿಯೋಥೆರಪಿ ಕಲಿತು ಕೆಲಸಕ್ಕೆ ನಿಂತು ಅವನಿಗೆ ಆರು ತಿಂಗಳಾಗಿತ್ತು. "ಐದು ವರ್ಷದ ನೋವು ಐದು ದಿನದಲ್ಲಿ ಹೋಗಬೇಕು ಅಂತಾರೆ. ಹೋಗದಿದ್ದರೆ ಮುಖ ತಿರುಗಿಸಿಕೊಂಡು ನಡೆಯುತ್ತಾರೆ. ನನ್ನ ಕೈಯಲ್ಲಿ ಆಗುವುದಿಲ್ಲ, ಈ ಕೆಲಸ ಬಿಟ್ಟುಬಿಡುತ್ತೇನೆ."

ಅವನಿಗೆ ವಿದ್ಯೆ ಕಲಿಸಿದ ಹಾಲಪ್ಪ ಮೇಷ್ಟ್ರು ನಕ್ಕರು. "ಬಿಡುವೆಯಂತೆ, ಕೂತ್ಕೋ. ಮೊದಲು ಇದನ್ನು ಕೇಳು" ಎಂದರು.

ಹೊಳೆದಂಡೆಯ ಊರಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸಿ ನಡೆಸಿ ಅವನಿಗೆ ಸೊಂಟನೋವು ಹಿಡಿಯಿತು. ಮೂರು ವರ್ಷ ಮಂಚವೇ ಗತಿಯಾಯಿತು. ಒಬ್ಬರು ಪಟ್ಟು ಹಾಕಿದರು, ಒಬ್ಬರು ಮಾತ್ರೆ ಕೊಟ್ಟರು. ಇನ್ನೊಬ್ಬ ಮಹಾನುಭಾವರು ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು, "ಇದರಲ್ಲಿ ಏನೂ ಇಲ್ಲ, ಎಲ್ಲಾ ನಿನ್ನ ತಲೆಯಲ್ಲಿದೆ" ಎಂದರು. ಸೊಂಟ ಹಿಡಿದುಕೊಂಡು ಬಂದವನಿಗೆ ತಲೆ ತೋರಿಸಿದರು ನೋಡು! ಕೊನೆಗೆ ಅವನು ನನ್ನ ಹತ್ತಿರ ಬಂದ.

ನನ್ನ ಹಮ್ಮೇನು ಕಡಿಮೆಯೇ? ಎರಡು ತಿಂಗಳು ಶಾಖ ಕೊಟ್ಟೆ, ತಿಕ್ಕಿದೆ, ಕರೆಂಟು ಇಟ್ಟೆ. ಅವನು ಬೋರಲಾಗಿ ಮಲಗಿರುತ್ತಿದ್ದ, ನಾನು ಬೆವರುತ್ತಿದ್ದೆ. "ನೋವು ಹೇಗಿದೆ?" ಎಂದು ದಿನಾ ಕೇಳುತ್ತಿದ್ದೆ. "ಹಂಗೇ ಐತ್ರಿ" ಎಂದು ದಿನಾ ಹೇಳುತ್ತಿದ್ದ. ಒಂದು ದಿನ ನನಗೆ ರೇಗಿಹೋಯಿತು. "ಈ ನೋವು ಇಲ್ಲದಿದ್ದರೆ ನೀನು ಏನು ಕಡಿದು ಕಟ್ಟೆ ಹಾಕುತ್ತಿದ್ದೆ?" ಎಂದು ಗದರಿಬಿಟ್ಟೆ.

ಅಂಬಿಗ ಎದ್ದು ಕೂತ. "ಮಗಳ ಊರಿಗೆ ಹೋಗ್ತಿದ್ದೆ" ಎಂದ.

ಮಗಳನ್ನು ಹೊಳೆಯ ಆಚೆ ದಡದ ಊರಿಗೆ ಕೊಟ್ಟಿದ್ದನಂತೆ. ಅವಳಿಗೆ ಮಗು ಹುಟ್ಟಿ, ಅದು ತಪ್ಪುಹೆಜ್ಜೆ ಇಡುತ್ತಿತ್ತು. ಅಜ್ಜ ಅದರ ಮುಖ ನೋಡಿರಲಿಲ್ಲ. ಅಪ್ಪನೇ ಬಂದು ತವರಿಗೆ ಕರೆದೊಯ್ಯಲಿ ಎಂದು ಮಗಳದೂ ಹಟ.

"ಬೇರೆಯವರ ಹರಿಗೋಲಲ್ಲಿ ಕೂತು ಹೋಗಬಹುದಿತ್ತಲ್ಲಪ್ಪ?"

"ಅಂಬಿಗನಾಗಿ ಹುಟ್ಟಿ ಇನ್ನೊಬ್ಬರ ಹರಿಗೋಲಾಗ ಮೂಟಿ ಹಂಗ ಕೂರ್ಲೇನ್ರಿ?" ಎಂದವನು ಅತ್ತುಬಿಟ್ಟ. ಸುಳ್ಳೇಕೆ ಹೇಳಲಿ, ಎರಡು ತಿಂಗಳು ಅವನ ಬೆನ್ನು ನೋಡಿದ್ದೆ, ಈ ಒಂದು ಮಾತು ಕೇಳಿರಲಿಲ್ಲ.

ಮರುದಿನದಿಂದ ನಮ್ಮ ಚಿಕಿತ್ಸೆ ಹೊಳೆಗೆ ಹೋಯಿತು. ಅವನ ತಮ್ಮನ ಹರಿಗೋಲು. ಇವನು ಹತ್ತು ಸಲ ಹುಟ್ಟು ಹಾಕಬೇಕು, ಆಮೇಲೆ ಅದನ್ನು ತಮ್ಮನ ಕೈಗೆ ಕೊಟ್ಟು ಸುಮ್ಮನೆ ಕೂರಬೇಕು. ನೋವಿದ್ದರೂ ಹತ್ತು, ಇಲ್ಲದಿದ್ದರೂ ಹತ್ತು. ವಾರಕ್ಕೆ ಐದು ಹೆಚ್ಚು. ಹುಟ್ಟು ಹಾಕುವುದಕ್ಕಿಂತ ಸುಮ್ಮನೆ ಕೂರುವುದೇ ಅವನಿಗೆ ಕಷ್ಟವಾಯಿತು. ಒಂದು ದಿನ ಸೊಂಟ ಹಗುರ ಎನಿಸಿತು. ಪುಣ್ಯಾತ್ಮ, ನಡುಹೊಳೆಯವರೆಗೂ ತಾನೇ ನಡೆಸಿಬಿಟ್ಟ! ನಾಲ್ಕು ದಿನ ಮೇಲೇಳಲಿಲ್ಲ. ನೋಡಲು ಹೋದರೆ, "ನೀವು ಮೋಸ ಮಾಡಿದ್ರಿ" ಎಂದು ನನ್ನನ್ನೇ ಬೈದ. "ಬೈದು ಮುಗೀತಾ? ಎದ್ದೇಳು, ಮತ್ತೆ ಹತ್ತು ಹಾಕು" ಎಂದೆ. ಬೈಯುತ್ತಲೇ ಎದ್ದ.

ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಆಚೆ ದಡ ಮುಟ್ಟಿದ. ಅರ್ಧ ದಾರಿ ಅವನು, ಅರ್ಧ ದಾರಿ ತಮ್ಮ. ಮಗಳು ಕೂಸನ್ನು ಎತ್ತಿಕೊಂಡು ಮೊಣಕಾಲುದ್ದ ನೀರಿಗೇ ಇಳಿದು ಬಂದಳಂತೆ.

ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿದರು. ಕೊಟ್ರೇಶನಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲ ಸರಿ ಮೇಷ್ಟ್ರೇ, ಕೊನೆಗೆ ಅವನ ನೋವು ಹೋಯಿತೇ?"

"ಅದನ್ನೇ ಕೇಳೋಣ ಅಂತ ಮೂರು ಸಲ ಅವನ ಮನೆಗೆ ಹೋದೆ" ಎಂದರು ಮೇಷ್ಟ್ರು, "ಒಂದು ಸಲವೂ ಮನೆಯಲ್ಲಿ ಸಿಗಲಿಲ್ಲ."