ಅಲಾರಂ ನಿಲ್ಲಿಸಿದ ಕೈ

"ಅಲ್ಲಿಂದ ಯಾಕ ಬಿಟ್ಟು ಬರಾಕ ಹತ್ತೀರಿ ಅಂತ ನಾಳೆ ಕೇಳ್ತಾರ. ಏನು ಹೇಳ್ಲಿರಿ ಟೀಚರ್?"

ಕೇಳಿದವಳು ಶರಣಮ್ಮ, ಸುಟ್ಟಗಾಯದ ವಾರ್ಡಿನ ನರ್ಸ್. ಕೇಳಿದ್ದು ಸಲೋಮಿ ಟೀಚರನ್ನು. ಸಲೋಮಿ ಟೀಚರ್ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗದಗ ಸೀಮೆಯ ಎಷ್ಟೋ ನರ್ಸುಗಳಿಗೆ ಸಿರಿಂಜು ಹಿಡಿಯಲು ಕಲಿಸಿದ್ದು ಅವರೇ. ಕಲಿತು ಹೋದವರು ತಲೆ ಕೆಟ್ಟಾಗ ಭಾನುವಾರ ಮಧ್ಯಾಹ್ನ ಅವರ ಮನೆಗೆ ಬರುತ್ತಿದ್ದರು. ಬಂದವರಿಗೆ ಚಹಾ ಸಿಗುತ್ತಿತ್ತು, ಜೊತೆಗೆ ಒಂದು ಕೆಲಸವೂ ಸಿಗುತ್ತಿತ್ತು. ಅಂದು ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ.

"ಖರೇ ಹೇಳು," ಎಂದರು ಟೀಚರ್.

"ಖರೇ ಹೇಳಿದ್ರ ಯಾರು ಕೆಲಸ ಕೊಡ್ತಾರ್ರಿ?"

ಆ ಖರೇ ಸಂಗತಿ ಹೀಗಿತ್ತು. ಸುಟ್ಟಗಾಯದ ವಾರ್ಡಿನಲ್ಲಿ ದಿನವೂ ಬೆಳಿಗ್ಗೆ ಗಾಯದ ಪಟ್ಟಿ ಬಿಚ್ಚಿ ಹೊಸದು ಕಟ್ಟಬೇಕು. ಬಿಚ್ಚುವಾಗ ರೋಗಿಗಳು ಅಳುತ್ತಾರೆ, ಬೈಯುತ್ತಾರೆ, ಕೈ ಹಿಡಿದು ಬೇಡಿಕೊಳ್ಳುತ್ತಾರೆ. ನರ್ಸ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗಾಯ ಕೀವು ಕಟ್ಟುತ್ತದೆ. ಶರಣಮ್ಮ ವರ್ಷಗಟ್ಟಲೆ ಈ ಕೆಲಸ ಮಾಡಿದ್ದಳು. ಹೋದ ತಿಂಗಳು ಮೈಮೇಲೆ ಬಿಸಿ ಸಾರು ಬಿದ್ದ ಒಂದು ಹೆಣ್ಣುಮಗು ಬಂದಿತ್ತು. ಅದರ ಪಟ್ಟಿ ಬದಲಿಸುವಾಗ ಅವಳು ಸಂಜೆಗೆ ಯಾವ ಪಲ್ಯ ಮಾಡಲಿ ಎಂದು ಯೋಚಿಸುತ್ತಿದ್ದಳು. ಕೆಲಸ ಮುಗಿಸಿ, ಜಾಣ ಮಗು ಎಂದು ಗಲ್ಲ ಮುಟ್ಟಿದಾಗ ಕೈ ಒದ್ದೆಯಾಯಿತು. ಮಗು ಏನೋ ಹೇಳಲು ಬಾಯಿ ತೆರೆಯಿತು, ದನಿ ಬರಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿತ್ತು. ಅಷ್ಟು ಹೊತ್ತು ಅದು ಅತ್ತದ್ದು ಶರಣಮ್ಮನಿಗೆ ಕೇಳಿಸಿರಲೇ ಇಲ್ಲ.

ಪಟ್ಟಿ ಸರಿಯಾಗಿಯೇ ಕಟ್ಟಿದ್ದಳು. ಯಾರೂ ಅವಳನ್ನು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅವಳಿಗೆ ತನ್ನನ್ನು ಕಂಡರೇ ಭಯ.

ಅವಳು ಇನ್ನೊಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಅರ್ಜಿ ಹಾಕಿದಳು. ಅವಳ ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಅಂಥದೇ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿ ಬದುಕಿ ಬಂದವಳು. ಈಗ ಶಾಲೆಗೆ ಹೋಗುತ್ತಾಳೆ. ಆಗ ಶರಣಮ್ಮ ಪಕ್ಕದ ಬಾಣಂತಿಯರ ವಾರ್ಡಿನಲ್ಲಿ ಕಣ್ಣು ಮುಚ್ಚದೆ ಬಿದ್ದುಕೊಂಡಿದ್ದಳು. ಆ ವಾರ್ಡಿನಲ್ಲಿ ದುಡಿಯಬೇಕೆಂಬ ಆಸೆ ಹುಟ್ಟಿದ್ದು ಆಗಲೇ. ನಾಳೆ ಸಂದರ್ಶನ. ಕೆಲಸ ಸಿಗದಿದ್ದರೆ ನಾಡಿದ್ದು ಬೆಳಿಗ್ಗೆ ಮತ್ತೆ ಅದೇ ಪಟ್ಟಿ ಬಿಚ್ಚಬೇಕು. ಹೀಗೇ ಇನ್ನೊಂದು ವರ್ಷ ಹೋದರೆ ತಾನು ಪೂರ್ತಿ ಕಲ್ಲಾಗುತ್ತೇನೆ ಎಂದು ಅವಳು ಹೆದರಿದ್ದಳು.

ಯಾಕೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರಗಳಿಗೇನೂ ಬರವಿರಲಿಲ್ಲ. ಕೂಸುಗಳೆಂದರೆ ಪ್ರಾಣ ಎಂದು ಹೇಳು ಎಂದಿದ್ದಳು ಒಬ್ಬ ಗೆಳತಿ. ಮನೆಗೆ ಹತ್ತಿರ ಎಂದು ಹೇಳು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಎಂದಿದ್ದಳು ಇನ್ನೊಬ್ಬಳು. ಮಗಳ ಕತೆ ಹೇಳಿ ಸ್ವಲ್ಪ ಕಣ್ಣೊರೆಸಿಕೋ, ಎದುರಿಗೆ ಕೂತವರು ಕರಗುತ್ತಾರೆ ಎಂದು ವಾರ್ಡಿನ ಹಿರಿಯ ಸಿಸ್ಟರ್ ಹೇಳಿಕೊಟ್ಟಿದ್ದರು. ಮಗಳನ್ನು ಮುಂದೆ ಮಾಡಿ ಕೆಲಸ ಕೇಳಲು ಶರಣಮ್ಮನಿಗೆ ಮನಸ್ಸು ಒಪ್ಪಲಿಲ್ಲ. ಗಂಡ ಮಾತ್ರ, ಅಲ್ಲಿ ಹೋಗಿ ಕೂತಾಗ ತಾನಾಗಿ ಏನಾದರೂ ಬಾಯಿಗೆ ಬರುತ್ತದೆ ಎಂದು ಹೇಳಿ ಮಲಗಿಬಿಟ್ಟಿದ್ದ.

ಇದೆಲ್ಲವನ್ನೂ ಕೇಳಿ ಟೀಚರ್ ಗದರಿದರು. "ಊರ ಮಂದಿ ಮಾತೆಲ್ಲ ಒಂದ ಚೀಲಕ್ಕ ತುಂಬ್ಕೊಂಡು ಬಂದೀಯಲ್ಲ! ಅದರಾಗ ನಿನ್ನ ಮಾತು ಯಾವುದು?"

ಟೀಚರ್ ಮೊರದ ಹುಣಸೆಹಣ್ಣನ್ನು ಶರಣಮ್ಮನ ಕಡೆಗೆ ತಳ್ಳಿ ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಬ್ಬ ನರ್ಸ್ ಇದ್ದಳು. ಅಲ್ಲಿ ಪ್ರತಿ ಹಾಸಿಗೆಗೂ ಒಂದು ಯಂತ್ರ. ರೋಗಿಯ ಉಸಿರು, ನಾಡಿ ಏರುಪೇರಾದರೆ ಅದರ ಅಲಾರಂ ಕೂಗುತ್ತದೆ. ರೋಗಿ ಮಗ್ಗುಲು ಬದಲಿಸಿದರೂ ಕೂಗುತ್ತದೆ. ಬೆರಳಿಗೆ ಹಾಕಿದ ಕ್ಲಿಪ್ಪು ಜಾರಿದರೂ ಕೂಗುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ. ದಿನವಿಡೀ ಕೂಗುವವರ ಕಡೆ ಯಾರು ಲಕ್ಷ್ಯ ಕೊಡುತ್ತಾರೆ? ಅಲಾರಂ ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಅಲ್ಲಿಯ ನರ್ಸುಗಳ ಕಣ್ಣಿಗಿಂತ ಕೈಗೇ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿ ಬಳಿಯ ಹಾಸಿಗೆಯ ಅಲಾರಂ ಕೂಗಿತು. ನರ್ಸ್ ಪಕ್ಕದ ರೋಗಿಗೆ ಔಷಧಿ ಕೊಡುತ್ತಿದ್ದಳು. ಕೈ ಚಾಚಿ ಬಟನ್ ಒತ್ತಿದಳು, ಔಷಧಿ ಕೊಡುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ, ತಾನು ಆ ರೋಗಿಯ ಮುಖ ನೋಡಲೇ ಇಲ್ಲ ಎಂದು ಹೊಳೆಯಿತು. ತಿರುಗಿ ನೋಡಿದರೆ ಮುದುಕ ನಿದ್ದೆ ಮಾಡುತ್ತಿದ್ದ. ಬೆರಳಿನ ಕ್ಲಿಪ್ಪು ಜಾರಿತ್ತು, ಅಷ್ಟೇ. ಅವಳು ಅದನ್ನು ಸರಿಯಾಗಿ ಹಾಕಿದಳು. ಮುದುಕನಿಗೆ ಏನೂ ಆಗಿರಲಿಲ್ಲ. ನಡೆದದ್ದನ್ನು ಯಾರೂ ನೋಡಿರಲೂ ಇಲ್ಲ.

ಶರಣಮ್ಮ ನಡುವೆ ಬಾಯಿ ಹಾಕಿದಳು. "ಬಟನ್ ಒತ್ತೋದು ಎಲ್ಲಾರೂ ಮಾಡ್ತಾರ್ರಿ ಟೀಚರ್. ಏನೂ ಆಗಿಲ್ಲ ಅಂದಮ್ಯಾಲ ಅದೊಂದು ತಪ್ಪೇನ್ರಿ?"

"ಆಕಿನೂ ಹಂಗ ಅಂದ್ಕೊಂಡು ಸುಮ್ಮನಿದ್ದಿದ್ರ ಈ ಕತಿನ ಇರ್ತಿದ್ದಿಲ್ಲ. ನೀ ಬೀಜ ಬಿಡಿಸು."

ಐಸಿಯುನಲ್ಲಿ ಪಾಳಿ ಬದಲಾಗುವ ಹೊತ್ತಾಯಿತು. ಆಗ ಹೋಗುವ ನರ್ಸ್ ಬರುವ ನರ್ಸನ್ನು ಒಂದೊಂದೇ ಹಾಸಿಗೆಯ ಬಳಿ ಕರೆದುಕೊಂಡು ಹೋಗಬೇಕು. ಏನು ಮಾಡಿದ್ದೇನೆ, ಏನು ಬಾಕಿ ಇದೆ, ಯಾರ ಮೇಲೆ ಕಣ್ಣಿಡಬೇಕು ಎಂದು ಹೇಳಬೇಕು. ಇದನ್ನು ಹ್ಯಾಂಡೋವರ್ ಎನ್ನುತ್ತಾರೆ. ಕಿಟಕಿಯ ಬಳಿ ಬಂದಾಗ ನರ್ಸ್, ಈ ಅಜ್ಜನ ಅಲಾರಂ ಬಂದ್ ಮಾಡಿದೆ, ಆದರೆ ಮುಖ ನೋಡಲಿಲ್ಲ ಎಂದಳು. ಬಂದವಳು ನಕ್ಕಳು. "ಏನರ ಆಗಿದ್ರ ಹೇಳಬೇಕವಾ. ಆಗದ್ದನ್ನ ಯಾಕ ಹೇಳ್ತಿ?" ಹೇಳಿದ್ದು ಸರಿಯೋ ತಪ್ಪೋ ನರ್ಸಿಗೂ ಗೊತ್ತಾಗಲಿಲ್ಲ. ಹೇಳದೆ ಮನೆಗೆ ಹೋಗಲು ಆಗಿರಲಿಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಮರುದಿನ ಇನ್ನೊಂದು ಅಲಾರಂ ಕೂಗಿದಾಗ ಅವಳ ಕೈ ಮತ್ತೆ ತಾನಾಗಿ ಎದ್ದಿತು. ಈ ಸಲ ಅವಳು ಅದನ್ನು ನಡುವೆಯೇ ತಡೆದು, ಮೊದಲು ಮುಖ ನೋಡಿದಳು. ಅದರ ಮರುದಿನವೂ ತಡೆಯಬೇಕಾಯಿತು. ದಿನಾಲೂ ತನ್ನ ಕೈಯನ್ನೇ ಕಾಯುತ್ತಾ ಅವಳು ಸೋತುಹೋದಳು. ಕೈಗೆ ರೂಢಿ ಇಲ್ಲದ ಜಾಗಕ್ಕೆ ಹೋದರೆ ಎಲ್ಲವನ್ನೂ ಮೊದಲಿನಿಂದ ನೋಡಿ ಮಾಡಬಹುದು ಎನಿಸಿತು. ಬೇರೊಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಒಬ್ಬ ನರ್ಸ್ ಬೇಕಾಗಿದ್ದಳು. ಅವಳು ಹೋದಳು.

ಅದೇ ಕೆಲಸ ಕೇಳಿಕೊಂಡು ಅಲ್ಲಿಗೆ ಇನ್ನೊಬ್ಬ ನರ್ಸೂ ಬಂದಿದ್ದಳು. ಸಂದರ್ಶನಕ್ಕೆ ಒಬ್ಬ ಡಾಕ್ಟರು, ಒಬ್ಬ ಆಡಳಿತಾಧಿಕಾರಿ, ಒಬ್ಬ ಹಿರಿಯ ನರ್ಸ್ ಕುಳಿತಿದ್ದರು.

ಮೊದಲು ಆ ಇನ್ನೊಬ್ಬಳನ್ನು ಕರೆದರು. ಅವಳು ಕೂಸುಗಳ ವಾರ್ಡಿನಲ್ಲೇ ಪಳಗಿದವಳು. ಹಾಲು ಕುಡಿಯದ ಕೂಸಿಗೆ ಏನು ಮಾಡುತ್ತೀರಿ, ಮೈ ತಣ್ಣಗಾದರೆ ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು, ಎಲ್ಲವೂ ಸರಿಯಾದ ಉತ್ತರ. ಇಲ್ಲಿಯವರೆಗೆ ಕೆಲಸದಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಅಧಿಕಾರಿ ಕೇಳಿದರು. ಒಂದೂ ಇಲ್ಲ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ನೆನಪಿದ್ದಷ್ಟರಲ್ಲಿ ಒಂದೂ ಇರಲಿಲ್ಲ.

ಆಮೇಲೆ ಐಸಿಯು ನರ್ಸನ್ನು ಕರೆದರು. ಡಾಕ್ಟರು ಅವೇ ಪ್ರಶ್ನೆಗಳನ್ನು ಕೇಳಿದರು. ಅವಳು ತನಗೆ ರೂಢಿಯಿದ್ದದ್ದನ್ನು ಹೇಳಿದಳು.

"ಅದು ದೊಡ್ಡವರಿಗೆ ಸಿಸ್ಟರ್. ಇಲ್ಲಿ ಅಂಗೈಯಗಲದ ಕೂಸು ಇರ್ತಾವ," ಎಂದರು ಡಾಕ್ಟರು.

"ನನಗ ಗೊತ್ತಿಲ್ರಿ. ಕಲೀತೀನ್ರಿ."

"ಕಲ್ಯಾಕ ಇದೇನು ಸಾಲಿ ಅಲ್ಲ."

ಅಲ್ಲಿಂದ ಯಾಕೆ ಬಿಡುತ್ತೀರಿ ಎಂದು ಅಧಿಕಾರಿ ಕೇಳಿದರು. ಅವಳೂ ಶರಣಮ್ಮನ ಹಾಗೇ ಮಂದಿ ಮಾತಿನ ಚೀಲ ತುಂಬಿಕೊಂಡು ಬಂದವಳು. ಕೂಸುಗಳೆಂದರೆ ಬಹಳ ಪ್ರೀತಿ ಎಂದಳು. ಪ್ರೀತಿ ಮಾಡಲು ಬಂದವರು ತಿಂಗಳೊಳಗೆ ಓಡಿ ಹೋಗಿದ್ದಾರೆ, ಬೇರೆ ಏನಾದರೂ ಹೇಳು ಎಂದಳು ಹಿರಿಯ ನರ್ಸ್. ಮನೆಗೆ ಹತ್ತಿರ ಎಂದಳು. ನಿಮ್ಮ ಮನೆ ಊರಿನ ಆ ತುದಿಗಿದೆಯಲ್ಲ ಎಂದರು ಅಧಿಕಾರಿ. ಮೂವರೂ ನಕ್ಕರು. ಏನು ಮಾಡಬೇಕೋ ತಿಳಿಯದೆ ಅವಳೂ ನಕ್ಕಳು. ಚೀಲ ಖಾಲಿಯಾಗಿತ್ತು. ಸುಮ್ಮನೆ ಕೂರಲೂ ಆಗದೆ ಅವಳು ಕಿಟಕಿ ಪಕ್ಕದ ಮುದುಕನ ಸಂಗತಿ ಹೇಳಿಬಿಟ್ಟಳು. ಕೈಯನ್ನು ಕಾಯುತ್ತಾ ಸೋತದ್ದನ್ನೂ ಹೇಳಿದಳು.

ಡಾಕ್ಟರ ನಗು ನಿಂತಿತು. "ರೋಗಿ ಮುಖ ನೋಡದೇ ಅಲಾರಂ ಬಂದ್ ಮಾಡಿದವರ ಕೈಯಾಗ ನಮ್ಮ ಕೂಸು ಕೊಡಬೇಕೇನು?"

"ನೀವು ಕೇಳೋದು ಬರೋಬರಿ ಐತ್ರಿ," ಎಂದಳು. ಅದು ಸರಿಯಾದ ಪ್ರಶ್ನೆಯೇ. ಡಾಕ್ಟರು ಕೆಟ್ಟವರೇನಲ್ಲ.

ಹಿರಿಯ ನರ್ಸ್ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತಳು. "ಇದನ್ನ ಹಿಡಿದವರು ಯಾರು?"

"ಯಾರೂ ಇಲ್ರಿ."

"ಮತ್ತ ಹೊರಗ ಬಿದ್ದದ್ದು ಹೆಂಗ?"

"ಹ್ಯಾಂಡೋವರ್ ಕೊಡೋವಾಗ ನಾನ ಹೇಳಿದೆ."

ಅಧಿಕಾರಿ ಅವಳಿಗೆ ಹೊರಗೆ ಕೂತಿರಲು ಹೇಳಿದರು. ಅವಳು ಬಂದು ಬೆಂಚಿನ ಮೇಲೆ ಕುಳಿತಳು. ಪಕ್ಕದಲ್ಲಿದ್ದ ಆ ಇನ್ನೊಬ್ಬಳು ಹೇಗಾಯಿತು ಎಂದು ಕೇಳಿದಳು. ಕೆಲಸ ಕಳೆದುಕೊಂಡೆನೋ ಮರ್ಯಾದೆ ಕಳೆದುಕೊಂಡೆನೋ ಒಂದೂ ಗೊತ್ತಾಗುತ್ತಿಲ್ಲ ಎಂದಳು. ಒಳಗೆ ಡಾಕ್ಟರ ದನಿ ಏರಿತು. ಹಿರಿಯ ನರ್ಸಿನ ದನಿಯೂ ಏರಿತು. ಬಾಗಿಲು ಮುಚ್ಚಿದ್ದರಿಂದ ಮಾತು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬಳ ಹೆಸರು ಕರೆದರು.

ಇಷ್ಟು ಹೇಳಿ ಸಲೋಮಿ ಟೀಚರ್ ಬಿಡಿಸಿದ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದರು.

ಶರಣಮ್ಮ ಕಾದಳು. ಕತೆ ಮುಂದುವರಿಯಲಿಲ್ಲ.

"ನನ್ನ ತಲಿ ಮತ್ತಷ್ಟು ಕೆಟ್ಟುಹೋತ್ರಿ ಟೀಚರ್. ಡಾಕ್ಟರ್ ಹೇಳಿದ್ದೂ ಖರೇ ಅನಸ್ತೈತಿ. ಎಲ್ಲಾ ಗೊತ್ತಿದ್ದಾಕಿನ್ನ ಬಿಟ್ಟು ಏನೂ ಗೊತ್ತಿಲ್ಲದಾಕಿನ್ನ ಯಾರು ತಗೋತಾರ? ಆದ್ರ ಒಂದೂ ತಪ್ಪಾಗಿಲ್ಲ ಅಂದಳಲ್ಲ, ಆಕಿ ಮ್ಯಾಲೂ ನನಗ ನಂಬಿಗಿ ಬರವಲ್ದು. ನಾಳೆ ನಾ ಆ ಕುರ್ಚಿ ಮ್ಯಾಲ ಕೂಡಬೇಕು. ಆ ಕೆಲಸ ಯಾರಿಗಿ ಸಿಕ್ತು, ಅದನ್ನರ ಹೇಳ್ರಿ."

ಟೀಚರ್ ತಲೆ ಎತ್ತಿ ಅವಳ ಮುಖ ನೋಡಿದರು.

"ನಿನ್ನ ಮಗಳು ಗಾಜಿನ ಪೆಟ್ಟಿಗ್ಯಾಗ ಮಲಗಿದ್ದಾಗ, ಈ ಇಬ್ಬರೊಳಗ ಯಾರು ಬಾಜೂಕ ಇದ್ದಿದ್ರ ನಿನಗ ನಿದ್ದಿ ಬರ್ತಿತ್ತು?"