ಎತ್ತಿಟ್ಟ ಮದ್ದು

ವಿಡಿಯೋ ಗೇಮೊಂದರ ವೀರನ ಚೀಲದಲ್ಲಿ ಕೆಂಪು ಮದ್ದಿನ ಸೀಸೆಯೊಂದಿತ್ತು. ಕುಡಿದರೆ ಗಾಯವೆಲ್ಲ ಮಾಯುವ ಮದ್ದು. "ನಾನು ದೊಡ್ಡ ಶತ್ರುವಿಗೆ ಮೀಸಲು," ಎಂದು ಅದು ವೀರನ ಗುರಾಣಿಯ ಮುಂದೆ ಬೀಗುತ್ತಿತ್ತು.

ಮೊದಲ ಗುಹೆಯ ಕೊನೆಯಲ್ಲಿ ಕಲ್ಲಿನ ರಾಕ್ಷಸ ಎದುರಾದ. ಪ್ರಾಣ ಎಳೆಯಷ್ಟು ಉಳಿದಾಗ ವೀರ ಸೀಸೆಯನ್ನು ಮುಟ್ಟಿದ. ಮುಂದೆ ಇನ್ನೂ ದೊಡ್ಡವನು ಬರಬಹುದೆಂದು ಕೈ ಹಿಂದೆಗೆದ. ಮರುಕ್ಷಣ ಸತ್ತ. ಆಟದ ನಿಯಮದಂತೆ ಎಲ್ಲರೂ ಮತ್ತೆ ಗುಹೆಯ ಬಾಗಿಲಲ್ಲಿ ಎದ್ದರು.

"ನೋಡಿದೆಯಾ, ನನ್ನ ಒಂದು ಹನಿಯೂ ಖರ್ಚಾಗಲಿಲ್ಲ," ಎಂದಿತು ಸೀಸೆ.

"ಹೌದು ತಾಯಿ, ಅದಕ್ಕೇ ಇನ್ನೂ ಬಾಗಿಲಲ್ಲೇ ಇದ್ದೇವೆ," ಎಂದಿತು ಗುರಾಣಿ. "ನೀನು ಕಾಯುತ್ತಿರುವ ದೊಡ್ಡವನು ಈ ರಾಕ್ಷಸನ ಆಚೆಗಿದ್ದಾನೆ. ಇವನನ್ನು ದಾಟದೆ ಅವನನ್ನು ಕಾಣುವುದು ಹೇಗೆ?"

ಮುಂದಿನ ಕಾಳಗದಲ್ಲಿ ವೀರನ ಕೈ ಮತ್ತೆ ತನ್ನನ್ನು ಮುಟ್ಟಿ ಅನುಮಾನಿಸಿದಾಗ, ಸೀಸೆ ತಾನೇ ಬಿರಡೆ ಸಡಿಲಿಸಿ ಅವನ ಅಂಗೈಗೆ ಸುರಿಯಿತು. ಚೆಲ್ಲಿಹೋಗುವ ಮದ್ದನ್ನು ಅವನು ಕುಡಿಯಲೇಬೇಕಾಯಿತು. ಗಾಯ ಮಾಯಿತು, ರಾಕ್ಷಸ ಬಿದ್ದ.

ರಾಕ್ಷಸ ಕಾಯುತ್ತಿದ್ದ ಪೆಟ್ಟಿಗೆಯಲ್ಲಿ ನೀಲಿ ಮದ್ದಿನ ದೊಡ್ಡ ಸೀಸೆ ಸಿಕ್ಕಿತು. ಚೀಲಕ್ಕೆ ಇಳಿದದ್ದೇ ಅದು, "ಸ್ವಲ್ಪ ಸರಿಯಿರಿ, ನಾನು ದೊಡ್ಡ ಶತ್ರುವಿಗೆ ಮೀಸಲು," ಎಂದಿತು.

ಖಾಲಿ ಸೀಸೆ ಜಾಗ ಬಿಟ್ಟುಕೊಟ್ಟು, "ಬಾರಮ್ಮಾ, ಮೊದಲು ಬಿರಡೆ ಸಡಿಲ ಮಾಡಿಕೋ," ಎಂದಿತು.